ಅಜ್ಜಿಯ ಮಾತಿಗೆ ಸಬ್‌ಟೈಟಲ್: ಮೂರು ಉಚಿತ ದಾರಿ, ಒಂದೇ ವಿಡಿಯೊ

ನಮ್ಮ ಚಿಕ್ಕಪ್ಪನಿಗೆ ನಾಲ್ಕು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ಅಜ್ಜಿ ನಮ್ಮೂರ ಕೆರೆಯ ಬಗ್ಗೆ ಮಾತಾಡಿದ 11 ನಿಮಿಷದ ವಿಡಿಯೊ ನನ್ನ ಮೊಬೈಲಿನಲ್ಲಿತ್ತು. ಹಬ್ಬದ ದಿನ ಎಲ್ಲರೂ ಅದನ್ನು ನೋಡಿ ನಗುತ್ತಿದ್ದರೆ ಚಿಕ್ಕಪ್ಪ ನಮ್ಮ ಮುಖ ನೋಡುತ್ತಿದ್ದರು. "ಅಮ್ಮ ಏನಂತಾಳೆ?" ಅಂತ ಕೇಳಿದರು. ಅವತ್ತು ರಾತ್ರಿಯೇ ಸಬ್‌ಟೈಟಲ್ ಹಾಕಲು ಕೂತೆ.

ನಮ್ಮದು ಮುಳಬಾಗಿಲು ಕಡೆಯ ಹಳ್ಳಿ. ಆಂಧ್ರ ಪಕ್ಕದಲ್ಲೇ. ಅಜ್ಜಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಈ ಹೋಲಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿದ್ದು ಅದೇ.

ಮೊದಲು ಹಿಡಿದಿದ್ದು ತಾನೇ ಕೇಳಿ ತಾನೇ ಬರೆಯುವ ಒಂದು ಆನ್‌ಲೈನ್ ತಾಣ. ವಿಡಿಯೊ ಹಾಕಿದೆ, ಭಾಷೆ ಕನ್ನಡ ಅಂತ ಒತ್ತಿದೆ. ಆರು ನಿಮಿಷದಲ್ಲಿ ಸಾಲುಗಳು ಬಂದವು. ನಾನು ಕೇಳಿದ ಪ್ರಶ್ನೆಗಳನ್ನು ಬಹುಪಾಲು ಸರಿಯಾಗಿ ಬರೆದಿತ್ತು. ಅಜ್ಜಿಯ ಮಾತನ್ನಲ್ಲ. "ಕೆರೆ ಕೋಡಿ ಹೋಯ್ತು" ಅಂದಿದ್ದು "ಕೆರೆ ಓಡಿ ಹೋಯ್ತು" ಆಗಿತ್ತು. ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳುತ್ತಿದ್ದ ನೀರುಗಂಟಿ "ನೀರು ಗಂಟೆ" ಆಗಿದ್ದ. "ಚೆರುವು ನಿಂಡಿಂದಿ" (ತೆಲುಗಿನಲ್ಲಿ ಕೆರೆ ತುಂಬಿತು) ಅಂತ ಅಜ್ಜಿ ಖುಷಿಯಾಗಿ ಕೈಯೆತ್ತುವ ಜಾಗದಲ್ಲಿ ಅರ್ಥವೇ ಇಲ್ಲದ ಎರಡು ಪದ. ತಿದ್ದಲು ಮೂರು ಗಂಟೆ ಹಿಡಿಯಿತು. ಕೊನೆಗೆ ವಿಡಿಯೊ ಇಳಿಸಿಕೊಂಡರೆ ಮೂಲೆಯಲ್ಲಿ ತಾಣದ ಮುದ್ರೆ ಇತ್ತು, ಒತ್ತಕ್ಷರಗಳೂ ಬಿಡಿಬಿಡಿಯಾಗಿ ಕೂತಿದ್ದವು. ಮದುವೆ ಭಾಷಣಕ್ಕೋ ಪಾಠದ ವಿಡಿಯೊಗೋ ಇಂಥದ್ದು ಸಾಕಾಗಬಹುದು. ನಮ್ಮ ಕಡೆಯ ಹಿರಿಯರ ಮಾತಿಗೆ ಬೇಡ.

ಎರಡನೆಯದು ಅಮಾರಾ. ಇದೂ ಆನ್‌ಲೈನ್, ಆದರೆ ನಾವೇ ಟೈಪ್ ಮಾಡಬೇಕು. ಯೂಟ್ಯೂಬಿನಂಥ ಕಡೆ ಇರುವ ವಿಡಿಯೊದ ಕೊಂಡಿ ಕೊಟ್ಟರೆ ತೆರೆದುಕೊಳ್ಳುತ್ತದೆ. ಟ್ಯಾಬ್ ಕೀ ಒತ್ತಿದರೆ ವಿಡಿಯೊ ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಮೊದಲು ಮಾತನ್ನೆಲ್ಲ ಬರೆದುಕೊಳ್ಳಬೇಕು. ಆಮೇಲೆ ವಿಡಿಯೊ ಓಡಿಸುತ್ತಾ, ಪ್ರತಿ ಸಾಲು ಶುರುವಾಗುವಾಗ ಕೆಳಬಾಣದ ಕೀ ಒತ್ತುತ್ತಾ ಹೋಗಬೇಕು. ಎಷ್ಟು ಸುಲಭ ಅಂದರೆ, ಎಂಟನೇ ಕ್ಲಾಸಿನ ನನ್ನ ತಂಗಿ ಮಗಳು ಅರ್ಧ ಕೆಲಸ ಮಾಡಿಕೊಟ್ಟಳು. ಎರಡು ಸಂಜೆ ಬೇಕಾಯಿತು. ಒಂದು ವಿಷಯ ಗಮನದಲ್ಲಿರಲಿ: ಉಚಿತ ಜಾಗದಲ್ಲಿ ಮಾಡಿದ ಕೆಲಸ ಎಲ್ಲರಿಗೂ ಕಾಣುತ್ತದೆ. ಮನೆಯ ಖಾಸಗಿ ಮಾತಿದ್ದರೆ ಯೋಚಿಸಿ.

ಮೂರನೆಯದು ಸಬ್‌ಟೈಟಲ್ ಎಡಿಟ್. ಇದು ಆನ್‌ಲೈನ್ ಅಲ್ಲ. ವಿಂಡೋಸ್ ಕಂಪ್ಯೂಟರಿಗೆ ಹಾಕಿಕೊಳ್ಳುವ ಉಚಿತ, ಮುಕ್ತ ತಂತ್ರಾಂಶ. ಒಮ್ಮೆ ಹಾಕಿಕೊಂಡರೆ ಟೈಪ್ ಮಾಡಲು ನೆಟ್ ಬೇಡ. ಊರಲ್ಲಿ ನೆಟ್‌ವರ್ಕ್ ಹೋದಾಗಲೂ ಕೆಲಸ ನಡೆಯುತ್ತಿತ್ತು. ನನಗೆ ಜಾಸ್ತಿ ಹಿಡಿಸಿದ್ದು ಅದರಲ್ಲಿ ಧ್ವನಿಯ ಅಲೆ ಕಾಣುವುದು. ಅಜ್ಜಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಸುಮ್ನೆ ಕೂರುತ್ತಾರೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಸಾಲಿನ ಎರಡೂ ತುದಿ ಎಳೆದು ಅಲ್ಲಿಗೆ ಕೂರಿಸಿದರೆ ಆಯಿತು. ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಚಿಕ್ಕಪ್ಪನಂಥವರಿಗೆ ಅರ್ಧ ಸೆಕೆಂಡಿನ ವ್ಯತ್ಯಾಸವೂ ದೊಡ್ಡದು. ಸಾಲು ಮುಂಚೆ ಬಂದರೆ ತುಟಿಗೂ ಅಕ್ಷರಕ್ಕೂ ತಾಳ ತಪ್ಪುತ್ತದೆ, ಅಲ್ವಾ?

ಹಾಗಾಗಿ ನನ್ನ ಆಯ್ಕೆ ಸಬ್‌ಟೈಟಲ್ ಎಡಿಟ್. ಕಂಪ್ಯೂಟರಿಗೆ ಏನೂ ಹಾಕಿಕೊಳ್ಳಲು ಆಗದವರಿಗೆ ಅಮಾರಾ.

ಇವೆರಡರಿಂದಲೂ ಕೊನೆಗೆ ಸಿಗುವುದು ಎಸ್‌ಆರ್‌ಟಿ ಎಂಬ ಪುಟ್ಟ ಫೈಲ್. ಸಾಲಿನ ಸಂಖ್ಯೆ, 00:01:12,400 --> 00:01:15,000 ಥರದ ಸಮಯ, ಕೆಳಗೆ ಮಾತು, ಅಷ್ಟೇ. ನೋಟ್‌ಪ್ಯಾಡಿನಲ್ಲೂ ತಿದ್ದಬಹುದು. ಉಳಿಸುವಾಗ ಮಾತ್ರ ಎನ್ಕೋಡಿಂಗ್ (ಅಕ್ಷರ ಉಳಿಸುವ ಬಗೆ) ಎಂಬಲ್ಲಿ ಯುಟಿಎಫ್-8 ಅಂತ ಆರಿಸಿ. ಎಎನ್‌ಎಸ್‌ಐ ಅಂತ ಉಳಿಸಿದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗುತ್ತವೆ. ಯೂಟ್ಯೂಬಿಗೆ ಈ ಫೈಲನ್ನು ಬೇರೆಯಾಗಿ ಏರಿಸಬಹುದು. ವಾಟ್ಸಾಪಿನಲ್ಲಿ ಕಳಿಸಲು ಅಕ್ಷರಗಳನ್ನು ವಿಡಿಯೊದೊಳಗೇ ಅಚ್ಚು ಹಾಕಬೇಕು. ನಾನು ಅದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಬಳಸಿದೆ.

ತೆಲುಗು ಮಾತುಗಳನ್ನು ಕನ್ನಡಕ್ಕೆ ತಿರುಗಿಸಬೇಕೋ ಬೇಡವೋ ಅಂತ ಚೀಟಿಯಲ್ಲಿ ಬರೆದು ಚಿಕ್ಕಪ್ಪನನ್ನೇ ಕೇಳಿದ್ದೆ. "ಅಮ್ಮ ಹೆಂಗಂದ್ಲೋ ಹಂಗೇ ಬರಿ, ನೀನು ತಿದ್ದಬೇಡ" ಅಂದರು. ಅದಕ್ಕೇ "ಚೆರುವು ನಿಂಡಿಂದಿ" ಕನ್ನಡ ಅಕ್ಷರದಲ್ಲಿ ಹಾಗೇ ಇದೆ.

ಮುಗಿದ ವಿಡಿಯೊವನ್ನು ಅವರು ಮೂರು ಸಲ ನೋಡಿದರು. ಮೂರನೇ ಸಲ ಮಧ್ಯದಲ್ಲಿ ನಿಲ್ಲಿಸಿ, ಪರದೆ ಮೇಲೆ ಬೆರಳಿಟ್ಟು ಹೇಳಿದರು: "ಅಮ್ಮ 'ನೀರುಗಂಟಿ' ಅನ್ನಲ್ಲ ಕಣೋ, 'ನೀರಗಂಟಿ' ಅಂತಾಳೆ." ನಾಲ್ಕು ಕಡೆ ತಿದ್ದಿ, ಮತ್ತೆ ಅಚ್ಚು ಹಾಕಿ ಕಳಿಸಿದೆ.