ಎಲ್ಡನ್ ರಿಂಗ್‌ನ ಮೂರು ಕಟಾನಾ: ಯಾವುದರ ಹಿಂದೆ ಹೋಗಬೇಕು?

ಎಲ್ಡನ್ ರಿಂಗ್ ಎಂಬ ವಿಡಿಯೋ ಗೇಮ್‌ನಲ್ಲಿ ಕಟಾನಾ (ಜಪಾನಿ ಶೈಲಿಯ ಕತ್ತಿ) ಹಿಡಿದು ಆಡಬೇಕು ಅಂತ ಯಾರನ್ನಾದರೂ ಕೇಳಿ ನೋಡಿ, ಮೂರು ಹೆಸರು ತಪ್ಪದೇ ಬರುತ್ತವೆ: ಉಚಿಗತಾನಾ, ಮೂನ್‌ವೇಲ್, ರಿವರ್ಸ್ ಆಫ್ ಬ್ಲಡ್. ಮೂರನ್ನೂ ಬೇರೆ ಬೇರೆ ಕ್ಯಾರೆಕ್ಟರ್‌ಗಳಲ್ಲಿ ಕೊನೆಯ ಬಾಸ್‌ವರೆಗೂ (ಬಾಸ್ ಅಂದರೆ ದೊಡ್ಡ ಶತ್ರು) ಆಡಿದ್ದೇನೆ. ಡ್ಯಾಮೇಜ್ ನಂಬರ್ ನೋಡಿ ಆರಿಸುವವರೇ ಜಾಸ್ತಿ. ನಾನು ಮೊದಲು ನೋಡುವುದು ಬೇರೆ: ಕತ್ತಿ ಕೈಗೆ ಸಿಗುವ ಹೊತ್ತಿಗೆ ಅದನ್ನು ಬಳಸಲು ಎಷ್ಟು ಆಟ ಉಳಿದಿರುತ್ತದೆ?

ಈ ಲೆಕ್ಕದಲ್ಲಿ ಉಚಿಗತಾನಾವನ್ನು ಮೀರಿಸುವವರಿಲ್ಲ. ಆಟದ ಆರಂಭದಲ್ಲಿ ಆರಿಸುವ ಪಾತ್ರಗಳಲ್ಲಿ (ಕ್ಲಾಸ್) ಸಮುರಾಯ್ ಆರಿಸಿದರೆ ಶುರುವಿನಲ್ಲೇ ಸೊಂಟದಲ್ಲಿರುತ್ತದೆ. ಬೇರೆ ಕ್ಲಾಸ್ ಆದರೆ ಸ್ಟಾರ್ಮ್‌ಹಿಲ್‌ನ ಡೆತ್‌ಟಚ್ಡ್ ಕ್ಯಾಟಕೂಂಬ್ಸ್ ಎಂಬ ನೆಲಮಾಳಿಗೆಗೆ ಇಳಿದು, ಒಂದು ಹೆಣದ ಮೇಲಿಂದ ಎತ್ತಿಕೊಂಡು ಬರಬೇಕು. ಅಲ್ಲಿ ಬಿದ್ದ ಅಸ್ಥಿಪಂಜರಗಳು ಮತ್ತೆ ಎದ್ದು ನಿಲ್ಲುತ್ತವೆ. ನೆಲದಲ್ಲಿ ಹೊಳೆಯುತ್ತಿರುವಾಗಲೇ ಇನ್ನೊಂದೇಟು ಹಾಕಿದರೆ ಮಾತ್ರ ಸಾಯುತ್ತವೆ. ಕತ್ತಿ ಹಿಡಿಯಲು ಕ್ಯಾರೆಕ್ಟರ್‌ನ ಅಂಕಗಳಲ್ಲಿ ಸ್ಟ್ರೆಂತ್ (ಬಲ) 11, ಡೆಕ್ಸ್ಟೆರಿಟಿ (ಚಾಕಚಕ್ಯತೆ) 15 ಇದ್ದರೆ ಸಾಕು. ಸಮುರಾಯ್ ಆಗಿ ಶುರು ಮಾಡಿ ಇದನ್ನೂ ತಂದರೆ ಎರಡು ಕೈಯಲ್ಲೂ ಒಂದೊಂದು. ಕಂಟ್ರೋಲರ್‌ನ ಎಲ್‌1 ಬಟನ್ ಒತ್ತಿದಾಗ ಎರಡೂ ಒಟ್ಟಿಗೆ ಬೀಸುತ್ತವೆ, ಶತ್ರುವಿಗೆ ರಕ್ತಸ್ರಾವ ಬೇಗ ತುಂಬುತ್ತದೆ.

ಇನ್ನೊಂದು ದೊಡ್ಡ ಅನುಕೂಲವೂ ಇದೆ. ಆ್ಯಶ್ ಆಫ್ ವಾರ್ (ಕತ್ತಿಗೆ ಕೂಡಿಸುವ ವಿಶೇಷ ಸ್ಕಿಲ್) ಬದಲಿಸಿ ಈ ಕತ್ತಿಯ ಸ್ವಭಾವವನ್ನೇ ಬದಲಿಸಬಹುದು. ಇವತ್ತು ಡೆಕ್ಸ್ಟೆರಿಟಿಗೆ ಒಗ್ಗುವ ಕೀನ್, ನಾಳೆ ಹಿಮ ಕಟ್ಟಿಸುವ ಕೋಲ್ಡ್, ಬೇಕೆಂದರೆ ರಕ್ತ ಹರಿಸುವ ಬ್ಲಡ್. ಉಳಿದೆರಡಕ್ಕೆ ಈ ಸ್ವಾತಂತ್ರ್ಯ ಇಲ್ಲ, ಅವುಗಳ ಸ್ಕಿಲ್ ಅವುಗಳಿಗೇ ಅಂಟಿಕೊಂಡಿದೆ.

ಆದರೆ ಕಮ್ಮಾರನ ಮುಂದೆ ನಿಂತಾಗ ಉಚಿಗತಾನಾ ಖರ್ಚಿನ ಕತ್ತಿ. ಬಲಪಡಿಸುತ್ತಾ ಹೋದರೆ ಇದು +25ನೇ ಮೆಟ್ಟಿಲವರೆಗೆ ಏರುತ್ತದೆ. +24ಕ್ಕೆ ತರಲು 96 ಸ್ಮಿಥಿಂಗ್ ಸ್ಟೋನ್ (ಕತ್ತಿ ಬಲಪಡಿಸುವ ಕಲ್ಲು), ಕೊನೆಯ ಮೆಟ್ಟಿಲಿಗೆ ಏನ್ಶಿಯೆಂಟ್ ಡ್ರ್ಯಾಗನ್ ಕಲ್ಲು ಒಂದು. ಎರಡು ಕತ್ತಿ ಸಾಕುವುದಾದರೆ ಎಲ್ಲವೂ ದುಪ್ಪಟ್ಟು. ಮೂನ್‌ವೇಲ್ ಮತ್ತು ರಿವರ್ಸ್ +10ಕ್ಕೇ ಮುಗಿಯುತ್ತವೆ, ಅದೂ ಮೆಟ್ಟಿಲಿಗೆ ಸೋಂಬರ್ ಎಂಬ ಬೇರೆ ಜಾತಿಯ ಒಂದೇ ಒಂದು ಕಲ್ಲು. ಕಲ್ಲು ಹುಡುಕಿ ಗಣಿಗಳಿಗೆ ಹೋಗಲು ಬೇಸರ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಈಗ ಮೂನ್‌ವೇಲ್. ಮೂರರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಲಿಮ್‌ಗ್ರೇವ್ ಮತ್ತು ಕೇಲಿಡ್ ಪ್ರದೇಶಗಳ ಗಡಿಯಲ್ಲಿರುವ ಗೇಲ್ ಟನಲ್‌ನಲ್ಲಿ ಮ್ಯಾಗ್ಮಾ ವರ್ಮ್ ಎಂಬ ಬಾಸ್ ಇದನ್ನು ಕಾದುಕೊಂಡಿದೆ. ದಾರಿಯಲ್ಲಿ ಸಿಗುವ ಗಣಿ ಕೆಲಸಗಾರರ ಮೈ ಕಲ್ಲಿನಂತಿದೆ, ಕಟಾನಾ ಏಟು ಟಣ್ ಅಂತ ಹಿಂದಕ್ಕೆ ಬರುತ್ತದೆ. ಅವರಿಗೆಂದೇ ಒಂದು ಗದೆ ಇಟ್ಟುಕೊಳ್ಳಿ. ಬಾಸ್ ಇರುವ ಜಾಗ ಇಕ್ಕಟ್ಟು, ಟೊರೆಂಟ್ ಕುದುರೆ ಬರುವುದಿಲ್ಲ. ವರ್ಮ್ ಉಗುಳಿದ ಲಾವಾ ಸ್ವಲ್ಪ ಹೊತ್ತು ನೆಲದಲ್ಲೇ ಉರಿಯುತ್ತಿರುತ್ತದೆ. ನನಗೆ ಒಗ್ಗಿದ ದಾರಿ ಎಂದರೆ ಮುಖದ ಎದುರು ನಿಲ್ಲದೆ ಹಿಂಗಾಲಿನ ಪಕ್ಕಕ್ಕೆ ಅಂಟಿಕೊಳ್ಳುವುದು. ಅದು ಮೈ ಎತ್ತಿ ಹೊಟ್ಟೆಯಡಿ ಅಪ್ಪಳಿಸಲು ಹೊರಟಾಗ ಮಾತ್ರ ಉರುಳಿ ದೂರ ಹೋಗಬೇಕು. ಸ್ಪಿರಿಟ್ ಆ್ಯಶ್ (ಜೊತೆಗೆ ಹೋರಾಡುವ ಆತ್ಮ) ಕರೆಯಬಹುದು, ಖಂಡಿತ ಕರೆಯಿರಿ.

ಗೆದ್ದರೆ ಕತ್ತಿ ಖಾತ್ರಿ. ಆದರೆ ಎತ್ತಲು ಸ್ಟ್ರೆಂತ್ 12, ಡೆಕ್ಸ್ಟೆರಿಟಿ 18, ಇಂಟೆಲಿಜೆನ್ಸ್ 23 ಬೇಕು. ಸಮುರಾಯ್ ಆದರೂ ಆಸ್ಟ್ರಾಲಜರ್ (ಮಂತ್ರವಾದಿ ಕ್ಲಾಸ್) ಆದರೂ ಶುರುವಿನಿಂದ ಲೆಕ್ಕ ಹಾಕಿದರೆ ಸರಿಯಾಗಿ 17 ಲೆವೆಲ್ ಇದಕ್ಕೇ ಹೋಗುತ್ತದೆ. ವ್ಯತ್ಯಾಸ ಎಂದರೆ ಸಮುರಾಯ್ ಅದರಲ್ಲಿ 14 ಲೆವೆಲ್ ಇಂಟೆಲಿಜೆನ್ಸ್‌ಗೇ ಸುರಿಯಬೇಕು.

ಸುರಿದದ್ದು ವ್ಯರ್ಥವಾಗುವುದಿಲ್ಲ. ಟ್ರಾನ್ಸಿಯೆಂಟ್ ಮೂನ್‌ಲೈಟ್ ಎಂಬ ಇದರ ಸ್ಕಿಲ್ ನೋಡಿ. ಎಲ್‌2 ಹಿಡಿದರೆ ಕತ್ತಿ ಒರೆಗೆ ಹೋಗುತ್ತದೆ, ಕ್ಯಾರೆಕ್ಟರ್ ಬಾಗಿ ಕಾಯುತ್ತದೆ. ಆಗ ಆರ್‌1 ಒತ್ತಿದರೆ ನೀಲಿ ಬೆಳಕು ಅಡ್ಡಡ್ಡ ಹರಡುತ್ತದೆ, ಆರ್‌2 ಒತ್ತಿದರೆ ನೆಟ್ಟಗೆ ಮುಂದಕ್ಕೆ ಸೀಳಿಕೊಂಡು ಹೋಗುತ್ತದೆ. ಹತ್ತಿರ ಇದ್ದವನಿಗೆ ಕತ್ತಿಯೂ ತಗಲುತ್ತದೆ, ಬೆಳಕೂ ತಗಲುತ್ತದೆ. ದೊಡ್ಡ ನೈಟ್‌ಗಳು ಆಯ ತಪ್ಪಿ ಮಂಡಿ ಊರುತ್ತಾರೆ. ಬಾಸ್ ಒಂದು ಕಾಂಬೋ (ಸಾಲು ಏಟು) ಮುಗಿಸಿ ಉಸಿರು ತೆಗೆದುಕೊಳ್ಳುವ ಆ ಕ್ಷಣಕ್ಕೆ ಇದು ಹೇಳಿ ಮಾಡಿಸಿದಂತಿದೆ. ಕಾದು, ಅಳೆದು, ಒಂದೇ ಏಟು. ಈ ಲಯ ಒಮ್ಮೆ ಕೈಗೆ ಹತ್ತಿದರೆ ಬೇರೆ ಕತ್ತಿ ಹಿಡಿಯಲು ಮನಸ್ಸೇ ಬರುವುದಿಲ್ಲ. ತೊಂದರೆ ಇಲ್ಲವೆಂದಲ್ಲ. ಪ್ರತಿ ಬೀಸಿಗೂ ಎಫ್‌ಪಿ (ಸ್ಕಿಲ್‌ಗೆ ಬೇಕಾದ ಶಕ್ತಿ) ಖರ್ಚು, ಹಾಗಾಗಿ ಅದನ್ನು ತುಂಬುವ ನೀಲಿ ಫ್ಲಾಸ್ಕ್ ಜಾಸ್ತಿ ಇಡಬೇಕು. ರೆನ್ನಾಲಾ ಎಂಬ ಬಾಸ್ ಎದುರು ಮ್ಯಾಜಿಕ್ ಅಷ್ಟಾಗಿ ನಾಟುವುದಿಲ್ಲ, ಅಲ್ಲಿ ಬರೀ ಕತ್ತಿಯ ಅಲಗನ್ನೇ ನಂಬಬೇಕು.

ರಿವರ್ಸ್ ಆಫ್ ಬ್ಲಡ್ ಸಿಗುವುದು ಮೌಂಟನ್‌ಟಾಪ್ಸ್ ಆಫ್ ದ ಜೈಂಟ್ಸ್ ಎಂಬ ಹಿಮ ಪ್ರದೇಶದಲ್ಲಿ. ಚರ್ಚ್ ಆಫ್ ರಿಪೋಸ್ ಹತ್ತಿರ ಹೋದಾಗ ಬ್ಲಡಿ ಫಿಂಗರ್ ಓಕಿನಾ ಎಂಬ ಶತ್ರು ನುಗ್ಗಿ ಬರುತ್ತಾನೆ. ಅವನನ್ನು ಸೋಲಿಸಿದರೆ ಅವನ ಕತ್ತಿ ನಿಮ್ಮದು. ಎಚ್ಚರ, ಅದೇ ಕತ್ತಿಯನ್ನು ಮೊದಲು ನಿಮ್ಮ ಮೇಲೆ ಬೀಸುತ್ತಾನೆ. ಕಾರ್ಪ್ಸ್ ಪೈಲರ್ ಎಂಬ ಸ್ಕಿಲ್‌ನಲ್ಲಿ ಬಿಲ್ಲಿನಂತೆ ಬಾಗಿದ ರಕ್ತದ ಗೆರೆಗಳು ಅಲಗಿಗಿಂತ ಆಚೆಗೂ ಚಾಚುತ್ತವೆ, ಒಂದರ ಹಿಂದೆ ಒಂದು ಏಟು. ರಕ್ತಸ್ರಾವ ತುಂಬಿ ಒಡೆದಾಗ ಶತ್ರುವಿನ ಒಟ್ಟು ಜೀವದಲ್ಲೇ ಒಂದು ಪಾಲು ಹೋಗುತ್ತದೆ. ಆದ್ದರಿಂದ ಮಲೇನಿಯಾ ಅಂಥ ಬಾಸ್‌ಗಳ ಎದುರು ಇದು ಭಾರಿ ಕೆಲಸ ಮಾಡುತ್ತದೆ. 2022ರಲ್ಲಿ ಆಟ ಬಿಡುಗಡೆಯಾದ ಹೊಸದರಲ್ಲಿ ಇದರ ಹಾವಳಿ ಹೇಳತೀರದು. ಆಮೇಲಿನ ಅಪ್‌ಡೇಟ್‌ಗಳಲ್ಲಿ ಬಲ ಇಳಿಸಿದರು. ಇಳಿಸಿದ ಮೇಲೂ ಸಾಕಷ್ಟಿದೆ.

ಆದರೆ ಇದು ಕೈಗೆ ಬರುವ ಹೊತ್ತಿಗೆ ರಾಜಧಾನಿ ಲೇಂಡೆಲ್‌ನಲ್ಲಿ ಮೊರ್ಗಾಟ್ ಎಂಬ ಬಾಸ್‌ನನ್ನು ಸೋಲಿಸಿ, ರೋಲ್ಡ್ ಲಿಫ್ಟ್ ಹತ್ತಿ ಬಂದಿರುತ್ತೀರಿ. ಅರ್ಧಕ್ಕಿಂತ ಜಾಸ್ತಿ ಆಟ ಮುಗಿದಿರುತ್ತದೆ. ಕತ್ತಿಯ ಏಟಿನಲ್ಲಿ ಬೆಂಕಿಯೂ ಬೆರೆತಿದೆ, ಮುಂದೆ ಸಿಗುವ ಫೈರ್ ಜೈಂಟ್‌ಗೆ ಬೆಂಕಿ ಲೆಕ್ಕಕ್ಕಿಲ್ಲ. ಕೊನೆಯ ಎಲ್ಡನ್ ಬೀಸ್ಟ್‌ಗೆ ರಕ್ತಸ್ರಾವ ಆಗುವುದೇ ಇಲ್ಲ. ಇಷ್ಟು ಕಷ್ಟಪಟ್ಟು ತಂದ ಕತ್ತಿಯ ಮುಖ್ಯ ಬಲ ಕೊನೆಯ ಕಾಳಗದಲ್ಲೇ ಕೈಕೊಟ್ಟರೆ ಬೇಜಾರಾಗುತ್ತದೆ, ಅಲ್ವಾ?

ಒಂದು ಲಾಭವನ್ನು ಮಾತ್ರ ಹೆಚ್ಚು ಜನ ಹೇಳುವುದಿಲ್ಲ. ರಿವರ್ಸ್ ಎತ್ತಲು ಆರ್ಕೇನ್ ಎಂಬ ಅಂಕ 20 ಬೇಕು, ಬಲವಾಗಿಸಲು ಇನ್ನೂ ಜಾಸ್ತಿ. ಅದೇ ಆರ್ಕೇನ್ ಐಟಂ ಡಿಸ್ಕವರಿಯನ್ನೂ (ಶತ್ರುಗಳಿಂದ ಸಾಮಾನು ಬೀಳುವ ಸಾಧ್ಯತೆ) ಏರಿಸುತ್ತದೆ: ಮೂಲ 100ಕ್ಕೆ ನಿಮ್ಮ ಆರ್ಕೇನ್ ಕೂಡಿಕೊಳ್ಳುತ್ತದೆ. ಸಿಲ್ವರ್ ಸ್ಕ್ಯಾರಬ್ ಎಂಬ ತಾಯಿತ ಹಾಕಿಕೊಂಡರೆ ಇನ್ನೊಂದು 75. ಈ ಮೂರು ಕತ್ತಿಗಳಿಗೆ ಅದೃಷ್ಟ ಬೇಡ, ಹೋದರೆ ಸಿಕ್ಕೇ ಸಿಗುತ್ತವೆ. ಆದರೆ ನೋಬಲ್ಸ್ ಸ್ಲೆಂಡರ್ ಸ್ವೋರ್ಡ್ ಥರ ಅಪರೂಪಕ್ಕೆ ಬೀಳುವ ಸಾಮಾನುಗಳ ಹಿಂದೆ ಬಿದ್ದವರಿಗೆ ಆರ್ಕೇನ್ ಬಿಲ್ಡ್ (ಅಂಕಗಳನ್ನು ಆರ್ಕೇನ್‌ಗೆ ಹಾಕಿ ಬೆಳೆಸಿದ ಕ್ಯಾರೆಕ್ಟರ್) ನಿಜಕ್ಕೂ ನೆರವಾಗುತ್ತದೆ.

ಮೊದಲ ಸಲ ಆಡುತ್ತಿದ್ದರೆ ಉಚಿಗತಾನಾದಿಂದ ಶುರು ಮಾಡಿ, ಲೆವೆಲ್ ಕೂಡಿದ ಕೂಡಲೇ ಗೇಲ್ ಟನಲ್‌ಗೆ ಹೋಗಿ ಮೂನ್‌ವೇಲ್ ತನ್ನಿ. ಓಕಿನಾ ಸಿಕ್ಕಾಗ ಅವನ ಕತ್ತಿಯನ್ನೂ ತೆಗೆದಿಡಿ, ಆದರೆ ಅದಕ್ಕಾಗಿ ಅರ್ಧ ದಾರಿಯಲ್ಲಿ ಬಿಲ್ಡ್ ಕೆಡವಬೇಡಿ. ಆಟ ಮುಗಿಸಿ ಎರಡನೇ ಪಯಣ ಶುರು ಮಾಡಿದಾಗ ಆಯುಧಗಳೆಲ್ಲ ಜೊತೆಗೇ ಬರುತ್ತವೆ. ಆಗ, ಸೋತ ಮೇಲೆ ಅಂಕಗಳನ್ನು ಮರುಹಂಚಿಕೊಡುವ ರೆನ್ನಾಲಾ ಹತ್ತಿರ ಲಾರ್ವಲ್ ಟಿಯರ್ ಎಂಬ ವಸ್ತು ಕೊಟ್ಟು ಇಂಟೆಲಿಜೆನ್ಸ್‌ನಿಂದ ಆರ್ಕೇನ್‌ಗೆ ಬದಲಾಯಿಸಿಕೊಳ್ಳಿ. ರಿವರ್ಸ್ ಆಫ್ ಬ್ಲಡ್‌ಗೆ ಆಗ ಹೆಚ್ಚುಕಡಿಮೆ ಇಡೀ ಆಟ ಸಿಗುತ್ತದೆ.