ಲಾಗೋಸಿನ ಐಲ್ಯಾಂಡ್ ಕ್ಲಬ್‌ನಲ್ಲಿ ಒಂದು ಶನಿವಾರ

ಕೆಲಸಕ್ಕೆ ಅಂತ ನೈಜೀರಿಯಾದ ಲಾಗೋಸಿಗೆ ಬಂದ ಕನ್ನಡಿಗರಿಗೆ ಒಂದು ಮಾತು. ಆಫೀಸಿನ ಹಿರಿಯರು ಯಾರಾದರೂ ಕ್ಲಬ್ಬಿಗೆ ಕರೆದರೆ ಸುಮ್ನೆ ಹೊರಟುಬಿಡಿ. ಕ್ಲಬ್ ಅಂದರೆ ಇಸ್ಪೀಟು, ಬಿಯರು, ದುಡ್ಡಿದ್ದವರ ಹರಟೆ ಅಂದುಕೊಂಡು ನಾನು ಎರಡು ಸಲ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಮೂರನೇ ಸಲ ಆಗಲಿಲ್ಲ.

ಐಲ್ಯಾಂಡ್ ಕ್ಲಬ್ ಇರುವುದು ಲಾಗೋಸ್ ದ್ವೀಪದ ಒನಿಕಾನ್ ಅನ್ನುವ ಕಡೆ. 1960ರ ಸ್ವಾತಂತ್ರ್ಯದ ದಿನ ನೈಜೀರಿಯಾದ ಬಾವುಟ ಏರಿದ ಹಳೇ ರೇಸ್‌ಕೋರ್ಸ್, ಅಂದರೆ ಈಗಿನ ತಫಾವಾ ಬಲೇವಾ ಸ್ಕ್ವೇರ್, ಹತ್ತಿರದಲ್ಲೇ ಇದೆ. ಮೇನ್‌ಲ್ಯಾಂಡ್ ಕಡೆಯಿಂದ ಬರುವವರು ಥರ್ಡ್ ಮೇನ್‌ಲ್ಯಾಂಡ್ ಸೇತುವೆಯ ಟ್ರಾಫಿಕ್ಕಿಗೆ ಅಂತಲೇ ಒಂದು ಗಂಟೆ ಎತ್ತಿಡಿ. ನನ್ನ ಟ್ಯಾಕ್ಸಿಯವನಂತೂ ಸೇತುವೆ ಮಧ್ಯದಲ್ಲಿ ಬಾಡಿಗೆ ಜಾಸ್ತಿ ಕೇಳಿದ. ಅಲ್ಲಿ ಇಳಿದು ಹೋಗುವುದಾದರೂ ಎಲ್ಲಿಗೆ?

ಕ್ಲಬ್ ಶುರುವಾದ ಕತೆ ನನಗೆ ಊಟಕ್ಕಿಂತ ರುಚಿಸಿತು. ಆಗ ಬ್ರಿಟಿಷರ ಆಳ್ವಿಕೆ. ಪಕ್ಕದ ಇಕೋಯಿಯಲ್ಲಿ 1938ರಲ್ಲಿ ಹುಟ್ಟಿದ ಕ್ಲಬ್ ಯುರೋಪಿಯನ್ನರದ್ದು. ಲಂಡನ್ನಿನಲ್ಲಿ ಓದಿ ಬಂದ ವಕೀಲರಾಗಲಿ ಡಾಕ್ಟರಾಗಲಿ, ಆಫ್ರಿಕನ್ನರಾದರೆ ಒಳಗೆ ಜಾಗ ಇಲ್ಲ. 1943ರಲ್ಲಿ 50 ಜನ ಸೇರಿ ಈ ಕ್ಲಬ್ ಕಟ್ಟಿದರು. ವಕೀಲ ಅಡೆಯೆಮೊ ಅಲಾಕಿಜಾ ಮೊದಲ ಅಧ್ಯಕ್ಷರು. ನಮ್ಮನ್ನು ಬಿಡಲಿಲ್ಲ, ನಾವೂ ಅವರನ್ನು ಬಿಡಲ್ಲ ಅಂತ ಹಟ ಹಿಡಿಯಬಹುದಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ಬಣ್ಣ, ಬುಡಕಟ್ಟು ನೋಡದೆ ಎಲ್ಲರೂ ಸರಿಸಮ ಕೂತು ಮಾತಾಡಲಿ ಅನ್ನುವುದೇ ಉದ್ದೇಶವಾಗಿತ್ತು. ಅದು ಸಣ್ಣ ಮಾತಲ್ಲ. 1947ರಲ್ಲೂ ಇದೇ ಊರಿನ ಬ್ರಿಸ್ಟಲ್ ಹೋಟೆಲ್ಲಿನಲ್ಲಿ, ವಸಾಹತುಗಳನ್ನು ನೋಡಿಕೊಳ್ಳುತ್ತಿದ್ದ ಲಂಡನ್ನಿನ ಕಲೋನಿಯಲ್ ಆಫೀಸಿನಿಂದ ಬಂದ ಐವರ್ ಕಮಿಂಗ್ಸ್ ಎಂಬ ಅಧಿಕಾರಿಗೆ ಕಪ್ಪುಬಣ್ಣದವರು ಅಂತ ರೂಮು ಕೊಡಲಿಲ್ಲ. ಊರೆಲ್ಲಾ ಸಿಟ್ಟಿಗೆದ್ದ ಮೇಲೆ ಸರಕಾರವೇ ಇಂಥ ಭೇದ ಮಾಡಕೂಡದು ಅಂತ ಹೇಳಬೇಕಾಯಿತು.

ಊಟಕ್ಕೆ ಬರೋಣ. ಮಾಂಸ ತಿನ್ನುವವರಿಗೆ ಸೂಯಾ ಇದೆ, ಕಡಲೆಕಾಯಿ ಪುಡಿ ಮತ್ತು ಖಾರ ಹಚ್ಚಿ ಕೆಂಡದ ಮೇಲೆ ಸುಟ್ಟದ್ದು. ನನ್ನಂಥ ಸೊಪ್ಪುಸದೆಯವರು ಲಾಗೋಸಿನಲ್ಲಿ ಎಲ್ಲೇ ಹೋದರೂ ಕರಿದ ಬಾಳೆಹಣ್ಣಿಗೇ ಗತಿ. ಅಕಾರಾ ಸಿಕ್ಕರೆ ಬಿಡಬೇಡಿ, ಅಲಸಂದೆ ವಡೆಯೇ ಅದು.

ಆಮೇಲೆ ಒಬ್ಬ ಅಜ್ಜ ಕೂತಿದ್ದ ಮೇಜಿನ ಮೇಲೆ ನೋಡುತ್ತೇನೆ, ನಮ್ಮ ಚೆನ್ನೆಮಣೆ! ಇಲ್ಲಿ ಇದಕ್ಕೆ ಅಯೋ ಅನ್ನುತ್ತಾರೆ. ನಮ್ಮದಕ್ಕೆ 14 ಗುಳಿ, ಇದಕ್ಕೆ 12. ಗುಳಿಗೆ 4 ಕಾಳು, ಅದೂ ನಮ್ಮ ಗಜ್ಜುಗವೇ. ಬಾ, ಕೂತ್ಕೋ ಅಂದರು. ಅಮ್ಮನ ಹತ್ತಿರ ಕಲಿತ ಕೈಚಳಕ ತೋರಿಸೋಣ ಅಂತ ಕೂತೆ. ಮೂರು ಆಟ, ಮೂರೂ ಸೋಲು. ನಾಲ್ಕನೆಯದಕ್ಕೆ ಅಜ್ಜ ಆಗಲೇ ಗಜ್ಜುಗ ತುಂಬುತ್ತಿದ್ದರು.

ಒಳಗೆ ಹೋಗಲು ಸದಸ್ಯರ ಜೊತೆ ಬೇಕು. ಸದಸ್ಯರಾಗುವುದು ನಮ್ಮಂಥ ಸಂಬಳದವರ ಕೆಲಸ ಅಲ್ಲ. ಚಪ್ಪಲಿಯಲ್ಲಿ ಹೊರಡಬೇಡಿ, ನನ್ನ ಸಹೋದ್ಯೋಗಿ ನನ್ನನ್ನು ಬಾಗಿಲಿಂದಲೇ ವಾಪಸ್ ಕಳಿಸಿ ಶೂ ಹಾಕಿಸಿದರು.