ಕನ್ನಡ ಓದಿಗೆ ಯಾವ ಇ-ರೀಡರ್: ಕಿಂಡಲ್, ಕೋಬೋ, ಆಂಡ್ರಾಯ್ಡ್

ಇ-ರೀಡರ್ ಕೊಳ್ಳುವವರು ಸಾಮಾನ್ಯವಾಗಿ ಪರದೆಯ ಅಳತೆ, ಬ್ಯಾಟರಿ ಮತ್ತು ಬೆಲೆಯನ್ನು ನೋಡುತ್ತಾರೆ. ಕನ್ನಡ ಓದಬೇಕೆನ್ನುವವರು ಅದಕ್ಕೂ ಮೊದಲು ಎರಡು ಸಂಗತಿಗಳನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಂಪನಿ ಕೊಟ್ಟ ತಂತ್ರಾಂಶವನ್ನು ಬದಿಗಿಟ್ಟು ಕೋರೀಡರ್‌ನಂಥ ಪುಸ್ತಕ ತೆರೆದು ಓದಿಸುವ ಮುಕ್ತ ತಂತ್ರಾಂಶವನ್ನು ಅದರಲ್ಲಿ ಕೂರಿಸುವುದು ಎಷ್ಟು ಸಲೀಸು ಎಂಬುದು ಮೊದಲನೆಯದು. ಕೆಟ್ಟರೆ ನಮ್ಮ ಊರಿನ ಅಳತೆಯಲ್ಲಿ ಅದನ್ನು ಬಿಚ್ಚಿ ಸರಿಪಡಿಸಲು ಆಗುತ್ತದೆಯೇ ಎಂಬುದು ಎರಡನೆಯದು. ಸಕಲೇಶಪುರದ ನಮ್ಮ ಮನೆಯಲ್ಲಿ ಬಳಕೆಯಲ್ಲಿರುವ 2015ರ ಕಿಂಡಲ್ ಪೇಪರ್‌ವೈಟ್ ಮತ್ತು 2018ರ ಕೋಬೋ ಕ್ಲಾರಾ ಎಚ್‌ಡಿ, ಜೊತೆಗೆ ಹಾಸನದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಸ್ನೇಹಿತರಿಂದ ಎರವಲು ತಂದ 10.3 ಅಂಗುಲದ ಆಂಡ್ರಾಯ್ಡ್ ಇ-ಇಂಕ್ (ಕಾಗದದಂತೆ ಕಾಣುವ ಪರದೆಯ) ಸಾಧನ, ಈ ಮೂರನ್ನೂ ಅವೇ ಕನ್ನಡ ಕಡತಗಳಿಂದ ಪರೀಕ್ಷಿಸಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೆರಡು ಸಾಧನಗಳನ್ನು ಹೋಲಿಸುವುದು ನ್ಯಾಯವಾಗಿಯೇ ಇದೆ. ಎರಡರ ಪರದೆಯೂ ಆರು ಅಂಗುಲ, ಎರಡರಲ್ಲೂ 1072 ಮತ್ತು 1448 ಚುಕ್ಕಿಗಳ ಅಗಲ-ಎತ್ತರ, ಅಂಗುಲಕ್ಕೆ 300 ಚುಕ್ಕಿ, 512 ಎಂಬಿ ರ‍್ಯಾಮ್, ಮೈಕ್ರೋ ಯುಎಸ್‌ಬಿ. ನೀರು ತಡೆಯುವ ಗುಣ ಎರಡಕ್ಕೂ ಇಲ್ಲ. ಮಳೆಗಾಲದಲ್ಲಿ ಎರಡನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಯೇ ಇಡಬೇಕು. ಕ್ಲಾರಾದ ಬೆಳಕನ್ನು ರಾತ್ರಿ ಹೊತ್ತು ಹಳದಿಗೆ ತಿರುಗಿಸಿಕೊಳ್ಳಬಹುದು, ಆ ಪೇಪರ್‌ವೈಟ್‌ನಲ್ಲಿ ಅದು ಸಾಧ್ಯವಿಲ್ಲ. ಯಂತ್ರಾಂಶದ ಮಟ್ಟದಲ್ಲಿ ಓದುಗನ ಅನುಭವಕ್ಕೆ ಬರುವ ವ್ಯತ್ಯಾಸ ಇಷ್ಟೇ.

ಕಂಪನಿಯ ತಂತ್ರಾಂಶವನ್ನು ಬಿಡಬೇಕಾದ ಕಾರಣ ಕನ್ನಡದ ಒತ್ತಕ್ಷರಗಳಲ್ಲಿದೆ. ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಅಕ್ಷರವನ್ನು ಇಟ್ಟುಕೊಂಡು ಹೋದರೆ ಕನ್ನಡ ಆಗುವುದಿಲ್ಲ. ‘ಸ್ತ್ರೀ’ ಎಂದು ಬರೆಯಲು ಸಕಾರದ ಕೆಳಗೆ ಎರಡು ಒತ್ತು ಕೂರಬೇಕು, ಗುಣಿತದ ಚಿಹ್ನೆ ಸರಿಯಾದ ಕಡೆ ಸೇರಬೇಕು, ‘ಸೂರ್ಯ’ದ ಅರ್ಕಾವೊತ್ತು ಯಕಾರದ ಬಲಕ್ಕೆ ಜಿಗಿಯಬೇಕು. ಈ ಜೋಡಣೆಯ ಕೆಲಸವನ್ನು ಮಾಡುವ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶವನ್ನು ಕೋರೀಡರ್ ತನ್ನೊಳಗೇ ಇಟ್ಟುಕೊಂಡಿದೆ. ಆದ್ದರಿಂದ ಸಾಧನ ಯಾವುದೇ ಇರಲಿ, ಅದರ ಕಂಪನಿ ಕನ್ನಡವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿ ಬಿಡಲಿ, ಪುಟದ ಮೇಲೆ ಕನ್ನಡ ಒಂದೇ ರೀತಿ ಮೂಡುತ್ತದೆ. ಕಂಪನಿಗಳ ಆದ್ಯತೆಯನ್ನು ನಂಬಿ ಕೂರುವಂತಿಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ಸಾಕು: 2016ರ ಕೊನೆಯಲ್ಲಿ ಕಿಂಡಲ್ ಅಂಗಡಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ.

ಕೋರೀಡರ್ ಮೊದಲು ಕಿಂಡಲ್‌ನಲ್ಲಿ ಪಿಡಿಎಫ್ ಓದುವುದಕ್ಕೆಂದು ಹುಟ್ಟಿ, ಈಗ ಕೋಬೋ, ಪಾಕೆಟ್‌ಬುಕ್, ಆಂಡ್ರಾಯ್ಡ್ ಎಲ್ಲದರಲ್ಲೂ ನಡೆಯುವ ತಂತ್ರಾಂಶ. ಸ್ವಯಂಸೇವಕರು ನಡೆಸುವ ಯೋಜನೆಯಾದರೂ ಹೊಸ ಆವೃತ್ತಿಗಳು ತಪ್ಪದೆ ಬರುತ್ತಿವೆ. ಅದರಲ್ಲಿ ಕನ್ನಡಕ್ಕೆಂದು ಮಾಡಿಕೊಳ್ಳಬೇಕಾದ ಕೆಲಸ ಕಡಿಮೆ. ನೋಟೋ ಸೆರಿಫ್ ಕನ್ನಡ, ಗುಬ್ಬಿ, ನವಿಲು ಇವುಗಳಲ್ಲಿ ಯಾವುದಾದರೊಂದು ಅಕ್ಷರಶೈಲಿಯ ಕಡತವನ್ನು ಕೋರೀಡರ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿಗೆ ಹಾಕಿ, ಪುಸ್ತಕ ತೆರೆದು ಅದನ್ನು ಆರಿಸಿಕೊಂಡರೆ ಮುಗಿಯಿತು. ಕೆಳಗಿನ ಮೆನುವಿನಲ್ಲಿ, ಅಕ್ಷರಗಳ ಜೋಡಣೆಯನ್ನು ನಿಯಂತ್ರಿಸುವ ಕರ್ನಿಂಗ್ ಎಂಬ ಸಾಲು ‘ಬೆಸ್ಟ್’ ಎಂದೇ ಇರಬೇಕು. ಪುಟ ಬೇಗ ತಿರುಗಲೆಂದು ಯಾರಾದರೂ ಅದನ್ನು ‘ಫಾಸ್ಟ್’ಗೆ ಇಳಿಸಿದರೆ ಒತ್ತುಗಳೆಲ್ಲ ಬಿಚ್ಚಿಕೊಂಡು ಅರ್ಧಾಕ್ಷರಗಳ ಮೆರವಣಿಗೆ ಹೊರಡುತ್ತದೆ. ಹಳಗನ್ನಡ ಓದುವವರು ಅಕ್ಷರಶೈಲಿಯಲ್ಲಿ ಱ ಮತ್ತು ೞ ಎರಡೂ ಇವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಆ ಎರಡು ಅಕ್ಷರಗಳು ಮಾತ್ರ ಬೇರೊಂದು ಶೈಲಿಯಿಂದ ಎರವಲು ಬಂದು ಸಾಲಿನ ನಡುವೆ ಎದ್ದು ಕಾಣುತ್ತವೆ. ಕನ್ನಡದ ಪದಗಳು ಉದ್ದವಾದ್ದರಿಂದ ಆರು ಅಂಗುಲದ ಪರದೆಯಲ್ಲಿ ಎರಡೂ ಅಂಚನ್ನು ಸಮ ಮಾಡಿದರೆ ಪದಗಳ ನಡುವೆ ದೊಡ್ಡ ಕಂದಕಗಳು ಬೀಳುತ್ತವೆ. ಪದಗಳ ಅಂತರವನ್ನು ತಗ್ಗಿಸಿಕೊಳ್ಳುವ ಸೌಲಭ್ಯವಿದೆ. ನಾನಂತೂ ಬಲ ಅಂಚನ್ನು ಹಾಗೇ ಬಿಟ್ಟು ಎಡಕ್ಕೆ ಮಾತ್ರ ಸಮ ಮಾಡಿಕೊಂಡಿದ್ದೇನೆ.

ಇಲ್ಲಿಯವರೆಗೆ ಕಿಂಡಲ್ ಮತ್ತು ಕೋಬೋ ಸಮಸಮ. ಕೋರೀಡರನ್ನು ಒಳಗೆ ತರುವ ದಾರಿಯಲ್ಲಿ ಅವು ಬೇರೆಯಾಗುತ್ತವೆ.

ಕೋಬೋವನ್ನು ಕಂಪ್ಯೂಟರಿಗೆ ಜೋಡಿಸಿದರೆ ಅದರಲ್ಲಿ ಅಡಗಿಸಿಟ್ಟ ಕೋಬೋ ಎಂಬ ಫೋಲ್ಡರೊಂದು ಕಾಣುತ್ತದೆ. ನಿಕಲ್‌ಮೆನು ಎಂಬ, ಕೋಬೋದ ಮೆನುವಿಗೆ ಹೊಸ ಸಾಲು ಸೇರಿಸುವ ಸಣ್ಣ ತಂತ್ರಾಂಶದ ಕಡತವನ್ನು ಅದರೊಳಗಿಟ್ಟು, ಕೋರೀಡರ್ ಫೋಲ್ಡರನ್ನು ಅದರ ಜಾಗಕ್ಕೆ ನಕಲಿಸಿ, ಕೇಬಲ್ ತೆಗೆದರೆ ಸಾಧನವು ಅದನ್ನು ತನ್ನದೇ ಅಪ್‌ಡೇಟ್ ಎಂದು ಒಪ್ಪಿಕೊಂಡು ಮತ್ತೆ ಶುರುವಾಗುತ್ತದೆ. ಯಾವ ಬೀಗವನ್ನೂ ಒಡೆಯುವ ಪ್ರಮೇಯವಿಲ್ಲ, ಏಕೆಂದರೆ ಅಲ್ಲಿ ಬೀಗ ಹಾಕಿಯೇ ಇಲ್ಲ. ಇನ್ನೂ ಒಂದು ಅನುಕೂಲವೆಂದರೆ ಅದರ ಸೆಟ್ಟಿಂಗ್ಸ್ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಕಂಪನಿಯ ಖಾತೆಯನ್ನೇ ತೆರೆಯದೆ, ಇಂಟರ್ನೆಟ್ ಸಂಪರ್ಕವೇ ಇಲ್ಲದೆ ಸಾಧನವನ್ನು ಬಳಸಬಹುದು. ಗಾಳಿಮಳೆಗೆ ಕರೆಂಟ್ ಹೋದ ಕೂಡಲೇ ವೈಫೈ ಕೂಡ ಹೋಗುವ ನಮ್ಮ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಕೋರೀಡರಿನ ಫೋಲ್ಡರುಗಳಲ್ಲಿರುವ ಸಣ್ಣಪುಟ್ಟ ಚಿತ್ರಗಳನ್ನು ಮೂಲ ತಂತ್ರಾಂಶ ಪುಸ್ತಕಗಳೆಂದು ಎಣಿಸದಂತೆ ಅದೇ ಕಡತದಲ್ಲಿ ಇನ್ನೊಂದು ಸಾಲು ಬರೆಯಬೇಕಾಗುತ್ತದೆ. ಒಟ್ಟು ಕೆಲಸ ಒಂದು ಕಾಫಿ ಕುಡಿಯುವಷ್ಟರಲ್ಲಿ ಆಗುತ್ತದೆ.

ಕಿಂಡಲ್‌ನಲ್ಲಿ ಮೊದಲು ಜೈಲ್‌ಬ್ರೇಕ್ ಆಗಬೇಕು, ಅಂದರೆ ಹೊರಗಿನ ತಂತ್ರಾಂಶ ಬಾರದಂತೆ ಕಂಪನಿ ಹಾಕಿದ ಬೀಗವನ್ನು ಒಡೆಯಬೇಕು; ಅದು ಸಾಧನದೊಳಗಿನ ತಂತ್ರಾಂಶದ ಆವೃತ್ತಿಯನ್ನು ಅವಲಂಬಿಸಿದೆ. 2023ರಲ್ಲಿ ಬಂದ ಲ್ಯಾಂಗ್ವೇಜ್‌ಬ್ರೇಕ್ ಎಂಬ ಉಪಾಯ 5.16.2.1.1 ಆವೃತ್ತಿಯವರೆಗೆ ನಡೆಯುತ್ತದೆ. 2015ರ ಪೇಪರ್‌ವೈಟ್‌ಗೆ ಬಂದ ಕೊನೆಯ ಆವೃತ್ತಿಯೂ ಅದೇ ಆಗಿರುವುದು ಅದರ ಮಾಲೀಕರ ಅದೃಷ್ಟ. ಆದರೆ ಆ ದಾರಿಯಲ್ಲಿ ಸಾಧನವನ್ನು ಅಂಗಡಿಯ ಪ್ರದರ್ಶನಕ್ಕಿಡುವ ಡೆಮೊ ಸ್ಥಿತಿಗೆ ಒಯ್ಯಬೇಕು, ಒಳಗಿನ ಪುಸ್ತಕಗಳೆಲ್ಲ ಅಳಿಸಿಹೋಗುತ್ತವೆ, ನಡುವೆ ಒಮ್ಮೆ ಭಾಷೆಯನ್ನು ಚೀನಿಗೆ ಬದಲಿಸಬೇಕು, ಆಮೇಲಿನ ಹೆಜ್ಜೆಗಳನ್ನು ಚಿತ್ರ ನೋಡಿಕೊಂಡೇ ಇಡಬೇಕು. 2025ರ ಜನವರಿಯಲ್ಲಿ ಬಂದ ವಿಂಟರ್‌ಬ್ರೇಕ್ ಇದಕ್ಕಿಂತ ಬಹಳ ಸುಲಭವಾಗಿತ್ತು, 5.18.1 ಆವೃತ್ತಿಯಲ್ಲಿ ಆ ಕಿಂಡಿಯನ್ನು ಮುಚ್ಚಲಾಯಿತು. ಹೀಗೆ ಕಿಂಡಿ ತೆರೆಯುವುದು, ಮುಚ್ಚುವುದು ನಡೆದೇ ಇರುವುದರಿಂದ ಹೊಸ ಕಿಂಡಲ್ ಕೊಂಡವರು ಪೆಟ್ಟಿಗೆ ಬಿಚ್ಚಿದ ಕೂಡಲೇ ವೈಫೈಗೆ ಸೇರಿಸದೆ ಮೊದಲು ಆವೃತ್ತಿ ನೋಡಿಕೊಳ್ಳಬೇಕು. ಜೈಲ್‌ಬ್ರೇಕ್ ಆದಮೇಲೆ ಹೊರಗಿನ ತಂತ್ರಾಂಶಗಳನ್ನು ತೆರೆದುಕೊಡುವ ಕೆಯುಎಎಲ್ ಹಾಕಬೇಕು, ಅದರ ಮೂಲಕ ಕೋರೀಡರ್. ಅಲ್ಲೂ ಹಳೆಯ ಆವೃತ್ತಿಗೆ ಒಂದು ಪ್ಯಾಕೇಜ್, 5.16.3 ಮತ್ತು ಅದಕ್ಕಿಂತ ಹೊಸದಕ್ಕೆ ಇನ್ನೊಂದು. ಒಂದರ ಬದಲು ಇನ್ನೊಂದನ್ನು ಹಾಕಿದರೆ ಅದು ಏಳುವುದೇ ಇಲ್ಲ.

ಇಷ್ಟಾದರೂ ಕಿಂಡಲ್ ಪರವಾಗಿ ಹೇಳಬೇಕಾದ ಮಾತಿದೆ. ಕಿಂಡಲ್‌ನಲ್ಲಿ ಕೋರೀಡರ್ ಮೂಲ ತಂತ್ರಾಂಶದ ಮಗ್ಗುಲಲ್ಲೇ ನಡೆಯುತ್ತದೆ, ಆದ್ದರಿಂದ ಕೊಂಡ ಇಂಗ್ಲಿಷ್ ಪುಸ್ತಕಕ್ಕೂ ಕನ್ನಡದ ಇಪಬ್ ಬಗೆಯ ಇ-ಪುಸ್ತಕಕ್ಕೂ ನಡುವೆ ಬೇಗ ಓಡಾಡಬಹುದು. ಕೋಬೋದಲ್ಲಿ ಕೋರೀಡರ್ ಮೂಲ ತಂತ್ರಾಂಶವನ್ನು ನಿಲ್ಲಿಸಿ ತಾನು ಬರುತ್ತದೆ, ಹೊರಬರುವಾಗ ಅದನ್ನು ಮತ್ತೆ ಎಬ್ಬಿಸುತ್ತದೆ, ಅಷ್ಟು ಹೊತ್ತು ಕಾಯಬೇಕು. ಬೀಗ ಹಾಕಿ ಮಾರಿದ ಪುಸ್ತಕಗಳನ್ನು ಕೋರೀಡರ್ ಎಲ್ಲಿಯೂ ತೆರೆಯುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ಕೊಂಡ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಹಾಕುವ ಸೌಲಭ್ಯವೂ 2025ರ ಫೆಬ್ರವರಿ 26ಕ್ಕೆ ಕೊನೆಗೊಂಡಿತು.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಿಗೆ ಬಂದರೆ ಹೋಲಿಕೆಯ ಸ್ವರೂಪವೇ ಬದಲಾಗುತ್ತದೆ, ಮತ್ತು ಕನ್ನಡದ ಮಟ್ಟಿಗೆ ಉಚಿತವಾಗಿ ಸಿಗುವ ಓದಿನಲ್ಲಿ ಬಹುಪಾಲು ಇಂಥವೇ. ಡೆಮಿ 1/8 ಅಳತೆಯ (ಮಾಮೂಲಿ ಕನ್ನಡ ಪುಸ್ತಕದ ಗಾತ್ರದ) ಪುಸ್ತಕದ ಅಂಚನ್ನು ಕತ್ತರಿಸಿದರೆ ಅಚ್ಚಿನ ಭಾಗ ಸುಮಾರು ನಾಲ್ಕು ಕಾಲು ಅಂಗುಲ ಅಗಲ ಉಳಿಯುತ್ತದೆ. ಆರು ಅಂಗುಲದ ಪರದೆಯ ಅಗಲ ಸುಮಾರು 3.6 ಅಂಗುಲ, ಅಂದರೆ ಅಕ್ಷರ ಮೂಲದ ಶೇಕಡ 85ರಷ್ಟು ಗಾತ್ರದಲ್ಲಿ ಕಾಣುತ್ತದೆ, ಕನ್ನಡಕ ಹಾಕಿದವರಿಗೂ ಓದಲು ಅಡ್ಡಿಯಿಲ್ಲ. ಅಡ್ಡಲಾಗಿ ಹಿಡಿದರೆ ಮೂಲಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ಅಂಚು ಕತ್ತರಿಸುವುದನ್ನು ಕೋರೀಡರ್ ತಾನಾಗಿಯೇ ಮಾಡುತ್ತದೆ, ಮಾಸಿದ ಅಚ್ಚನ್ನು ಕಪ್ಪಾಗಿಸಲು ಕಾಂಟ್ರಾಸ್ಟ್ ಏರಿಸಬಹುದು. ಪುಟವನ್ನು ಪದಪದವಾಗಿ ಬಿಡಿಸಿ ಮರುಜೋಡಿಸುವ ರಿಫ್ಲೋ ಸೌಲಭ್ಯವನ್ನು ಕನ್ನಡಕ್ಕೆ ನಾನು ಶಿಫಾರಸು ಮಾಡುವುದಿಲ್ಲ: ಸಾಲುಗಳು ಒತ್ತೊತ್ತಾಗಿರುವ ಹಳೆಯ ಅಚ್ಚಿನಲ್ಲಿ ಅದು ಒತ್ತಕ್ಷರವನ್ನು ಕೆಳಗಿನ ಸಾಲಿಗೆ ಸೇರಿಸಿಬಿಟ್ಟದ್ದನ್ನು ಕಂಡಿದ್ದೇನೆ.

ಕಠಿಣ ಪರೀಕ್ಷೆಗೆಂದು ಆರಿಸಿಕೊಂಡದ್ದು 1902ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟ, ಅಂದರೆ ಬಿ.ಎಲ್. ರೈಸ್ ಅವರು ಸಂಪಾದಿಸಿದ ಹಾಸನ ಜಿಲ್ಲೆಯ ಶಾಸನಗಳು. ಬೇಲೂರಿಗೋ ದೊಡ್ಡಗದ್ದವಳ್ಳಿಗೋ ಹೋದಾಗ ಶಾಸನದ ಪಾಠ ಕೈಯಲ್ಲಿದ್ದರೆ ಚೆನ್ನ ಎಂಬ ಆಸೆ ನನ್ನದು. ಇಂಟರ್ನೆಟ್ ಆರ್ಕೈವ್‌ನ ಪಿಡಿಎಫ್‌ಗಳಲ್ಲಿ ಪುಟದ ಚಿತ್ರಗಳನ್ನು ಸಾಮಾನ್ಯವಾಗಿ ಜೆಪೆಗ್ 2000 ಎಂಬ ಬಗೆಯಲ್ಲಿ ಕುಗ್ಗಿಸಿರುತ್ತಾರೆ. ಅದನ್ನು ಬಿಡಿಸುವುದು ಈ ಚಿಕ್ಕ ಪ್ರೊಸೆಸರುಗಳಿಗೆ ಏದುಸಿರಿನ ಕೆಲಸ. ಕೋರೀಡರ್ ನಾವು ಓದುತ್ತಿರುವಾಗಲೇ ಮುಂದಿನ ಪುಟವನ್ನು ಸಿದ್ಧ ಮಾಡಿಟ್ಟುಕೊಳ್ಳುವುದರಿಂದ ಸಾಲಾಗಿ ಓದುವಾಗ ಇದು ಗೊತ್ತಾಗುವುದಿಲ್ಲ. ಸೂಚಿಯಿಂದ ಪಾಠಕ್ಕೆ, ಪಾಠದಿಂದ ಅನುವಾದಕ್ಕೆ ಜಿಗಿಯುವಾಗ ತಾಳ್ಮೆ ಬೇಕು. ಕಂಪ್ಯೂಟರಿನಲ್ಲಿ ಅದನ್ನೇ ಸ್ಕ್ಯಾನ್ ಪುಟಗಳಿಗೆಂದೇ ಇರುವ ಡಿಜೆವಿಯು ಎಂಬ ಕಡತದ ಬಗೆಗೆ, ಕಪ್ಪು-ಬಿಳುಪಿನಲ್ಲಿ ಬದಲಿಸಿಕೊಂಡರೆ ಎರಡು ಸಾಧನಗಳೂ ಚುರುಕಾದವು. ಕಿಂಡಲ್‌ನಲ್ಲಿ ಮೂಲ ತಂತ್ರಾಂಶವನ್ನು ಪೂರ್ತಿ ನಿಲ್ಲಿಸಿ ಕೋರೀಡರ್ ತೆರೆಯುವ ಆಯ್ಕೆಯೂ ಇದೆ, ಭಾರಿ ಕಡತಗಳಿಗೆ ಆಗ ಹೆಚ್ಚು ಮೆಮೊರಿ ಸಿಗುತ್ತದೆ. ಆದರೂ ಆ ಗಾತ್ರದ ಪುಟವನ್ನು ಆರು ಅಂಗುಲದಲ್ಲಿ ನೋಡುವುದು ಕಿಟಕಿಯ ಸಂದಿಯಿಂದ ಜಾತ್ರೆ ನೋಡಿದಂತೆ. ಈ ಒಂದು ಕೆಲಸದಲ್ಲಿ 10.3 ಅಂಗುಲದ ಆಂಡ್ರಾಯ್ಡ್ ಸಾಧನಕ್ಕೆ ಎದುರಾಳಿಯಿಲ್ಲ. ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್‌ಗಳ ಅಂಗಡಿಯಿಂದ ಕೋರೀಡರನ್ನು ಬೇರೆ ಯಾವ ಆ್ಯಪ್‌ನಂತೆಯೇ ಹಾಕಿಕೊಳ್ಳಬಹುದು, ಇಡೀ ಪುಟ ಒಮ್ಮೆಗೇ ಕಾಣುತ್ತದೆ, ಟಿಪ್ಪಣಿ ಬರೆಯಲು ಪೆನ್ ಇದೆ. ಅದರ ದೋಷವೂ ಅಲ್ಲಿಯೇ ಇದೆ: ಅದು ಫೋನಿನ ಸಂಬಂಧಿ, ಮೂಲೆಯಲ್ಲಿಟ್ಟು ಮರೆತರೆ ಚಾರ್ಜ್ ಸೋರಿಹೋಗುತ್ತದೆ, ಮಲಗಿ ಒಂದೇ ಕೈಯಲ್ಲಿ ಹಿಡಿಯಲಾಗದು, ಬೆಲೆಯಂತೂ ಮೊದಲೆರಡನ್ನು ಸೇರಿಸಿದರೂ ಮೀರುತ್ತದೆ.

ನಿಘಂಟಿನ ವಿಷಯದಲ್ಲಿ ಮೂರೂ ಒಂದೇ. ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನ ದತ್ತಾಂಶ 2019ರಿಂದ ಮುಕ್ತವಾಗಿದೆ. ಸ್ಟಾರ್‌ಡಿಕ್ಟ್ ಎಂಬ ನಿಘಂಟು ಕಡತದ ರೂಪದಲ್ಲಿ ಅದನ್ನು ಕೋರೀಡರಿನ ನಿಘಂಟು ಫೋಲ್ಡರಿಗೆ ಹಾಕಿದರೆ ಪದದ ಮೇಲೆ ಬೆರಳು ಒತ್ತಿ ಹಿಡಿದಾಗ ಅರ್ಥ ಬರುತ್ತದೆ. ‘ಕೊಟ್ಟಿಗೆಯಲ್ಲಿ’ ಎಂಬ ಪದವನ್ನು ಒತ್ತಿದರೆ ಏನೂ ಸಿಗದು, ವಿಭಕ್ತಿಯನ್ನು ಕಳಚಿ ‘ಕೊಟ್ಟಿಗೆ’ ಎಂದು ತಿದ್ದಿ ಹುಡುಕಬೇಕು. ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಮಾಡಿದ ಪಿಡಿಎಫ್ ಆದರೆ ಕಣ್ಣಿಗೆ ಕನ್ನಡ ಸ್ವಚ್ಛವಾಗಿ ಕಂಡರೂ ಒಳಗಿರುವುದು ರೋಮನ್ ಚಿಹ್ನೆಗಳು. ಹುಡುಕಾಟವೂ ನಿಘಂಟೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ರಿಪೇರಿಯಲ್ಲಿ ಕ್ಲಾರಾ ಎಚ್‌ಡಿ ಬಹಳ ಮುಂದಿದೆ. ಹಿಂಬದಿಯ ಮುಚ್ಚಳ ಸ್ಕ್ರೂ ಇಲ್ಲದೆ ಕಚ್ಚಿಕೊಂಡಿರುತ್ತದೆ; ಮೊಬೈಲ್ ಅಂಗಡಿಯವರು ಬಳಸುವ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿ ಸುತ್ತಲೂ ಎಳೆದರೆ ಕಳಚಿಕೊಳ್ಳುತ್ತದೆ. ಒಳಗೆ ಬೋರ್ಡಿನ ಮೇಲೆ 8 ಜಿಬಿಯ ಮಾಮೂಲಿ ಮೈಕ್ರೋ ಎಸ್‌ಡಿ ಕಾರ್ಡ್ ಇದೆ, ಸಾಧನದ ಇಡೀ ತಂತ್ರಾಂಶ, ಪುಸ್ತಕ ಎಲ್ಲವೂ ಅದರಲ್ಲೇ. ಕಾರ್ಡನ್ನು ತೆಗೆದು ಕಂಪ್ಯೂಟರಿನಲ್ಲಿ ಆದಿಯಿಂದ ಅಂತ್ಯದವರೆಗೆ ನಕಲು ತೆಗೆದಿಟ್ಟುಕೊಂಡರೆ, ಮುಂದೆ ಅದು ಸತ್ತರೂ ಹೊಸ ಕಾರ್ಡಿಗೆ ಬರೆದು ಸಾಧನವನ್ನು ಎಬ್ಬಿಸಬಹುದು. 32 ಜಿಬಿಯ ಕಾರ್ಡಿಗೆ ಬರೆದು ಕೊನೆಯ ಪಾರ್ಟಿಶನ್ (ಕಾರ್ಡಿನೊಳಗಿನ ವಿಭಾಗ) ಹಿಗ್ಗಿಸಿದರೆ ಜಾಗವೂ ಹೆಚ್ಚುತ್ತದೆ. ಫೋಲ್ಡರುಗಳನ್ನಷ್ಟೇ ನಕಲಿಸಿದರೆ ಸಾಲದು, ಪಾರ್ಟಿಶನ್‌ಗಳು ಶುರುವಾಗುವ ಮೊದಲಿನ ಜಾಗದಲ್ಲೂ ಸೀರಿಯಲ್ ನಂಬರ್ ಮುಂತಾದ ಮಾಹಿತಿ ಇರುತ್ತದೆ.

ಪೇಪರ್‌ವೈಟ್‌ನ ದಾರಿ ಮುಂಭಾಗದಿಂದ. ಪರದೆಯ ಸುತ್ತಲಿನ ಕಪ್ಪು ಚೌಕಟ್ಟನ್ನು ಅಂಟಿನಿಂದ ಕೂರಿಸಿರುತ್ತಾರೆ. ಅದನ್ನು ಎಬ್ಬಿಸಿದ ಮೇಲೆ ಸ್ಕ್ರೂಗಳು ಕಾಣುತ್ತವೆ, ಅವನ್ನು ಬಿಚ್ಚಿದರೆ ಪರದೆಯ ಸಮೇತ ಒಳಭಾಗ ಮೇಲೆದ್ದು ಬ್ಯಾಟರಿ ಕೈಗೆ ಸಿಗುತ್ತದೆ. ಇ-ಇಂಕ್ ಪರದೆಯ ಬೆನ್ನಿನ ಗಾಜು ಬಹಳ ತೆಳು, ಚೌಕಟ್ಟನ್ನು ಎಬ್ಬಿಸುವಾಗ ಒಂದು ಮೂಲೆಗೆ ಭಾರ ಬಿದ್ದರೂ ಸೀಳುತ್ತದೆ. ಬ್ಯಾಟರಿ ಬದಲಿಸಲು ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಒಯ್ದಾಗ ಆ ಹುಡುಗ ಅದನ್ನು ತಿರುವಿ ನೋಡಿ, “ಸಾರ್, ಬ್ಯಾಟ್ರಿ ನೀವೇ ತಂದ್ಕೊಡಿ, ಹಾಕ್ಕೊಡ್ತೀನಿ. ಡಿಸ್‌ಪ್ಲೇಗೆ ಮಾತ್ರ ಗ್ಯಾರಂಟಿ ಕೇಳ್ಬೇಡಿ” ಎಂದ. ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿಕೊಂಡು ಕೆಲಸವನ್ನು ಅಚ್ಚುಕಟ್ಟಾಗಿಯೇ ಮುಗಿಸಿದ. ಆ ಬ್ಯಾಟರಿ ಆನ್‌ಲೈನಿನಲ್ಲಿ ಸುಲಭವಾಗಿ ಸಿಕ್ಕಿತ್ತು. ಕೋಬೋದ ಬಿಡಿಭಾಗವನ್ನು ಹುಡುಕುವುದು ನಮ್ಮಲ್ಲಿ ಕಷ್ಟ, ಸಾಧನವೇ ನನಗೆ ಹೊರದೇಶದಲ್ಲಿರುವ ಸೋದರಳಿಯನಿಂದ ಬಂದದ್ದು. ಚಾರ್ಜಿಂಗ್ ಜಾಕ್ ಸಡಿಲವಾದರೆ ಎರಡನ್ನೂ ಯಾವುದೇ ಮೊಬೈಲ್ ಅಂಗಡಿಯಲ್ಲಿ ಬೆಸುಗೆ ಹಾಕಿಸಬಹುದು. ಆಂಡ್ರಾಯ್ಡ್ ಸಾಧನವನ್ನು ಎರವಲು ತಂದದ್ದರಿಂದ ಬಿಚ್ಚುವ ಗೋಜಿಗೆ ಹೋಗಲಿಲ್ಲ.

ಮನೆಯಲ್ಲಿ ಈಗಾಗಲೇ ಹಳೆಯ ಕಿಂಡಲ್ ಇದ್ದರೆ ಹೊಸದನ್ನು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಒಂದು ಸಂಜೆ ಕೂತು ಜೈಲ್‌ಬ್ರೇಕ್ ಮಾಡಿಕೊಳ್ಳಲಿ, ಪುಸ್ತಕಗಳ ನಕಲನ್ನು ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಲಿ. ಹೊಸದಾಗಿ ಕೊಳ್ಳುವವರು, ಹೊರದೇಶದಿಂದ ತಂದುಕೊಡುವವರಿದ್ದರೆ, ಕೋಬೋ ತರಿಸಿಕೊಳ್ಳುವುದು ಮೇಲು. ಹಳೆಯ ಕ್ಲಾರಾ ಎಚ್‌ಡಿಯೇ ಸಿಕ್ಕರೆ ಬಿಡಬಾರದು, ಕೈಗೆ ಬಂದ ದಿನವೇ ಮುಚ್ಚಳ ತೆಗೆದು ಕಾರ್ಡಿನ ನಕಲು ಮಾಡಿಟ್ಟುಕೊಳ್ಳಬೇಕು. ದೊಡ್ಡ ಪರದೆಯ ಆಂಡ್ರಾಯ್ಡ್ ಸಾಧನವನ್ನು ಶಾಸನ ಸಂಪುಟ, ಗ್ಯಾಸೆಟಿಯರ್, ಹಳೆಯ ಪತ್ರಿಕೆಗಳನ್ನು ದಿನವೂ ತಿರುವಿಹಾಕುವವರು ಕೊಂಡರೆ ಹಣಕ್ಕೆ ಮೋಸವಿಲ್ಲ. ನನ್ನ ಸ್ನೇಹಿತರು ತಮ್ಮದನ್ನು ವಾಪಸು ಕೇಳಿಯಾಗಿದೆ.